ಹಿನ್ನೀರಿನ ಹಾಯಿದೋಣಿಗೆ ಮೋಟಾರು: ಬ್ಯಾಟರಿಯದೋ, ಪೆಟ್ರೋಲಿನದೋ?

ಸಣ್ಣ ಹಾಯಿದೋಣಿಗೆ ಮೋಟಾರು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು 'ಎಷ್ಟು ಎಚ್‌ಪಿ?' ಅಂತ. ಬೈಕು, ಪಂಪ್‌ಸೆಟ್ಟು ಕೊಂಡು ರೂಢಿಯಾದ ನಮಗೆ ಆ ಪ್ರಶ್ನೆ ಸಹಜ. ಆದರೆ ಹಾಯಿದೋಣಿಯನ್ನು ಓಡಿಸುವುದು ಗಾಳಿ. ಮೋಟಾರು ಬೇಕಾಗುವುದು ಗಾಳಿ ಕೈಕೊಟ್ಟಾಗ, ಇಲ್ಲವೇ ಗಾಳಿ ಅತಿಯಾಗಿ ಹಾಯಿ ಇಳಿಸಬೇಕಾದಾಗ, ದಡಕ್ಕೆ ವಾಪಸು ಬರಲು. ಹಾಗಾಗಿ ನನ್ನ ಲೆಕ್ಕ ಶುರುವಾಗುವುದು ವಾಪಸು ದಾರಿಯಿಂದ. ನಿಮ್ಮ ಅತಿ ಕೆಟ್ಟ ವಾಪಸು ದಾರಿ ಎಷ್ಟು ಕಿಲೋಮೀಟರು, ಆಗ ಗಾಳಿ ಯಾವ ಕಡೆಯಿಂದ, ದಡ ಮುಟ್ಟಿದ ಮೇಲೆ ಮೋಟಾರನ್ನು ಎಷ್ಟು ದೂರ ಹೊರಬೇಕು. ಈ ಮೂರಕ್ಕೆ ಉತ್ತರ ಸಿಕ್ಕರೆ ಬ್ಯಾಟರಿಯೋ ಪೆಟ್ರೋಲೋ ಎಂಬುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

ಉದಾಹರಣೆಗೆ ಕೆಆರ್‌ಎಸ್ ಹಿನ್ನೀರನ್ನೇ ಇಟ್ಟುಕೊಳ್ಳುತ್ತೇನೆ. ಮೈಸೂರು, ಮಂಡ್ಯದವರಿಗೆ ಹಾಯಿ ಬಿಚ್ಚುವಷ್ಟು ಅಗಲದ ನೀರು ಹತ್ತಿರದಲ್ಲಿ ಇರುವುದು ಅಲ್ಲೇ. ದೋಣಿ ಹದಿನಾರು ಅಡಿಯದು ಅಂದುಕೊಳ್ಳಿ. ಮೂರು ಜನ, ಸಾಮಾನು ಸೇರಿ ಒಟ್ಟು ತೂಕ 450 ಕಿಲೋ.

ಮೋಟಾರಿಗಿಂತ ಮೊದಲು ಅನುಮತಿ

ಇದನ್ನು ಕೊನೆಗೆ ಇಡುವವರೇ ಜಾಸ್ತಿ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ಅಣೆಕಟ್ಟೆಯ ಹತ್ತಿರದ ನೀರು ಭದ್ರತಾ ವಲಯ, ಅತ್ತ ಸುಳಿಯಲೇಬಾರದು. ಇನ್‌ಲ್ಯಾಂಡ್ ವೆಸಲ್ಸ್ ಕಾಯ್ದೆ, 2021 ಯಂತ್ರಚಾಲಿತ ದೋಣಿಗಳ ನೋಂದಣಿ, ತಪಾಸಣೆಯ ಮಾತಾಡುತ್ತದೆ. ಹುಟ್ಟು ಮತ್ತು ಹಾಯಿಯಿಂದ ನಡೆಯುತ್ತಿದ್ದ ದೋಣಿಗೆ ಮೋಟಾರು ಕೂರಿಸಿದರೆ ಅದು ಬ್ಯಾಟರಿಯದ್ದಾದರೂ ಯಂತ್ರವೇ. ದುಡ್ಡು ಕೊಡುವ ಮೊದಲು ನಿಮ್ಮ ನೀರಿಗೆ, ನಿಮ್ಮ ದೋಣಿಗೆ ಏನು ಬೇಕೆಂದು ವಿಚಾರಿಸಿ, ಸಿಕ್ಕ ಉತ್ತರವನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಇದು ಮೈಸೂರು, ಬೆಂಗಳೂರು ಕುಡಿಯುವ ನೀರಿನ ನದಿ. ಕೆಲವು ಕಡೆ ಪೆಟ್ರೋಲ್ ಇಂಜಿನ್ ಬೇಡ ಅಂದರೆ ಚರ್ಚೆ ಅಲ್ಲಿಗೇ ಮುಗಿಯಿತು, ಈ ಲೇಖನದಲ್ಲಿ ಬ್ಯಾಟರಿಯ ಭಾಗವನ್ನಷ್ಟೇ ಓದಿದರೆ ಸಾಕು.

ಪಾಂಡವಪುರದ ತೊಣ್ಣೂರು ಕೆರೆಯಂಥ ನೀರಿನಲ್ಲಿ ದೋಣಿ ಬಿಡಲು ಒಪ್ಪಿಗೆ ಸಿಕ್ಕರೂ ಮೋಟಾರಿನ ಗೊಡವೆ ಬೇಡ. ಅಷ್ಟು ಅಗಲಕ್ಕೆ ಒಂದು ಜೊತೆ ಹುಟ್ಟು ಸಾಕು.

ವಾಪಸು ದಾರಿ ಅಳೆಯುವುದು

ಫೋನಿನ ಮ್ಯಾಪ್ ತೆರೆದು ನೀವು ದೋಣಿ ಇಳಿಸುವ ಜಾಗದಿಂದ ಹೋಗಬಹುದಾದ ಅತಿ ದೂರದ ಬಿಂದುವಿಗೆ ಗೆರೆ ಎಳೆಯಿರಿ. ನೇರ ಗೆರೆ ಸಾಲದು. ಹಿನ್ನೀರಿಗೆ ಕಾವೇರಿಯದೊಂದು ತೋಳು, ಹೇಮಾವತಿಯದೊಂದು ತೋಳು, ಲಕ್ಷ್ಮಣತೀರ್ಥದ್ದು ಇನ್ನೊಂದು. ನಡುವೆ ಮೂಲೆಗಳು, ಚಾಚುಗಳು. ದಂಡೆ ಬಳಸಿ ಬರುವ ದೂರವನ್ನೂ ಸೇರಿಸಿ. ಬಹಳಷ್ಟು ಜನರಿಗೆ ಇದು ಮೂರರಿಂದ ಆರು ಕಿಲೋಮೀಟರಿನ ಒಳಗೆ ಬರುತ್ತದೆ.

ಆಮೇಲೆ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ದಿನವಿಡೀ ಬೀಸುತ್ತದೆ. ಹಾಯಿ ಓಡಿಸುವವರಿಗೆ ಸುಗ್ಗಿ. ಆಗ ಮೂಡಣ ದಿಕ್ಕಿಗೆ ಹೋದವರು ಗಾಳಿಗೆ ಎದುರಾಗಿಯೇ ವಾಪಸು ಬರಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಎಷ್ಟೋ ಮಧ್ಯಾಹ್ನ ಎಲೆ ಅಲ್ಲಾಡುವುದಿಲ್ಲ. ಅಪಾಯದ ಕಾಲ ಏಪ್ರಿಲ್, ಮೇ. ಎರಡು ಗಂಟೆವರೆಗೆ ಸುಡು ಬಿಸಿಲು, ನಾಲ್ಕಕ್ಕೆ ಮೋಡ ಕಟ್ಟಿ ಗುಡುಗು, ಮಳೆಗಿಂತ ಮೊದಲು ನೆಲ ಗುಡಿಸಿಕೊಂಡು ಬರುವ ಬಿರುಗಾಳಿ. ಅದು ಬರುವ ಮುಂಚೆ ದಡ ಸೇರಿಸುವುದು ಮೋಟಾರಿನ ಕೆಲಸ. ಬಂದ ಮೇಲೆ ಅದರ ಜೊತೆ ಗುದ್ದಾಡುವುದಕ್ಕೆ ಎರಡೂವರೆ ಎಚ್‌ಪಿಯ ಪೆಟ್ರೋಲಿನದ್ದಾದರೂ ಸಾಲದು, ಒಂದು ಕಿಲೋವ್ಯಾಟಿನ ಬ್ಯಾಟರಿಯದ್ದಂತೂ ಖಂಡಿತ ಸಾಲದು.

ದೋಣಿಗೆ ಎಷ್ಟು ಶಕ್ತಿ ದಕ್ಕುತ್ತದೆ

ನೀರನ್ನು ಸೀಳಿಕೊಂಡು ಹೋಗುವ ಇಂಥ ದೋಣಿಗೆ ಒಂದು ವೇಗದ ಮಿತಿಯಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಆ ಮಿತಿ ಸಿಗುತ್ತದೆ. ನಮ್ಮ ಹದಿನಾರು ಅಡಿಯ ದೋಣಿ ನೀರಿನ ಮೇಲೆ ಹದಿನೈದು ಅಡಿ ಇರುತ್ತದೆ ಅಂದರೆ 5.2 ನಾಟ್, ಗಂಟೆಗೆ ಸುಮಾರು ಒಂಬತ್ತೂವರೆ ಕಿಲೋಮೀಟರು. ಅದಕ್ಕೂ ಮೀರಿ ಓಡಿಸಲು ಹೋದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಹಿಂಭಾಗ ತಗ್ಗುತ್ತದೆ, ಇಂಧನ ಉರಿಯುತ್ತದೆ, ವೇಗ ಏರುವುದಿಲ್ಲ. ಇಂಥ ದೋಣಿಗೆ ಎಂಟು ಎಚ್‌ಪಿ ಕಟ್ಟುವುದು ದುಡ್ಡು ನೀರಿಗೆ ಹಾಕಿದಂತೆಯೇ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧ ಮಾಡಿದರೆ ಶಕ್ತಿ ಎಂಟರಲ್ಲೊಂದು ಪಾಲು ಸಾಕು. ಪೆಟ್ರೋಲ್ ಇಂಜಿನ್‌ನಲ್ಲಿ ಈ ಲಾಭ ಅಷ್ಟಾಗಿ ದಕ್ಕುವುದಿಲ್ಲ, ನಿಧಾನ ಓಡಿದರೂ ಅದು ತನ್ನ ಪಾಲು ಕುಡಿಯುತ್ತಲೇ ಇರುತ್ತದೆ. ಬ್ಯಾಟರಿ ಮೋಟಾರಿನಲ್ಲಿ ಪೂರ್ತಿ ದಕ್ಕುತ್ತದೆ.

ಒಂದು ಕಿಲೋವ್ಯಾಟಿನ ಮೋಟಾರಿಗೆ ಒಂದೂಕಾಲು ಯೂನಿಟ್ಟಿನ ಬ್ಯಾಟರಿ ಇದೆ ಅನ್ನಿ. ಇ-ಪ್ರೊಪಲ್ಷನ್ ಕಂಪನಿಯ ಸ್ಪಿರಿಟ್ ಮಾದರಿ ಸರಿಸುಮಾರು ಇಷ್ಟೇ. ಪೂರ್ತಿ ತಿರುಗಿಸಿದರೆ ನಮ್ಮ ದೋಣಿ ಗಂಟೆಗೆ ಎಂಟೂವರೆ ಕಿಲೋಮೀಟರಿನಂತೆ ಒಂದೂಕಾಲು ಗಂಟೆ ಓಡಿ, ಹತ್ತು ಕಿಲೋಮೀಟರಿಗೆ ಸುಸ್ತಾಗುತ್ತದೆ. ಕಾಲು ಭಾಗಕ್ಕೆ, ಅಂದರೆ 250 ವ್ಯಾಟ್‌ಗೆ ಇಳಿಸಿದರೆ ಗಂಟೆಗೆ ಐದು ಕಿಲೋಮೀಟರಿನ ಮೇಲೆಯೇ ಹೋಗುತ್ತದೆ, ಆದರೆ ಐದು ಗಂಟೆ. ಇಪ್ಪತ್ತೈದು ಕಿಲೋಮೀಟರು ದಾಟಿತು. ಗಾಳಿ ಸತ್ತ ಮಾರ್ಚ್ ಮಧ್ಯಾಹ್ನಕ್ಕೆ ಇದಕ್ಕಿಂತ ಬೇರೇನು ಬೇಕು?

ಪೆಟ್ರೋಲಿನ ಕಡೆ ನೋಡೋಣ. ಎರಡೂವರೆ ಎಚ್‌ಪಿ ಆಸುಪಾಸಿನ ಫೋರ್‌ಸ್ಟ್ರೋಕ್ ಇಂಜಿನ್, ಸುಜುಕಿಯದೋ ಹೋಂಡಾದ್ದೋ, ಒಳಗೇ ಒಂದು ಲೀಟರಿನ ಟ್ಯಾಂಕ್ ಇಟ್ಟುಕೊಂಡಿರುತ್ತದೆ. ಪೂರ್ತಿ ಓಡಿಸಿದರೆ ಒಂದು ಗಂಟೆಗೆ ಒಂದು ಲೀಟರಿನ ಆಸುಪಾಸು. ಅಂದರೆ ಒಂದು ಟ್ಯಾಂಕಿಗೆ ಒಂಬತ್ತು ಕಿಲೋಮೀಟರು. ಇಲ್ಲಿಯವರೆಗೆ ಸಮ ಸಮ. ವ್ಯತ್ಯಾಸ ಬರುವುದು ಮುಂದೆ: ಕ್ಯಾನ್‌ನಲ್ಲಿ ಇನ್ನೆರಡು ಲೀಟರ್ ಇದ್ದರೆ ದೂರ ಮೂರು ಪಟ್ಟು, ಸುರಿಯಲು ಐದು ನಿಮಿಷ. ಬ್ಯಾಟರಿ ತೀರಿದರೆ ಮನೆಗೆ ಹೋಗಿ ರಾತ್ರಿಯಿಡೀ ಚಾರ್ಜಿಗೆ ಹಾಕಬೇಕು.

ಎದುರು ಗಾಳಿಯ ಲೆಕ್ಕ

ಅಂಗಡಿಯವರು ಹೇಳುವ ದೂರವೆಲ್ಲ ನಿಂತ ನೀರಿನದು, ಗಾಳಿಯಿಲ್ಲದ ದಿನದ್ದು. ಹಾಯಿ ಇಳಿಸಿದರೂ ಕಂಬ, ಹಗ್ಗಗಳು, ದೋಣಿಯ ಪಕ್ಕ, ಕೂತ ಮೂವರು ಸೇರಿ ಗಾಳಿಗೆ ಎರಡು ಚದರ ಮೀಟರಿನಷ್ಟು ಎದೆಯೊಡ್ಡುತ್ತಾರೆ. ಗಂಟೆಗೆ 18 ಕಿಲೋಮೀಟರಿನ ಗಾಳಿ ಅಷ್ಟು ಜಾಗಕ್ಕೆ ಮೂರು ಕಿಲೋ ಬಲದಿಂದ ತಳ್ಳುತ್ತದೆ. ಗಾಳಿ ಇಮ್ಮಡಿಯಾಗಿ 36 ಕಿಲೋಮೀಟರಾದರೆ ತಳ್ಳು ನಾಲ್ಕು ಪಟ್ಟು, ಹನ್ನೆರಡು ಕಿಲೋ. ದೋಣಿ ಮುಂದೆ ಚಲಿಸುತ್ತಿದ್ದರೆ ಇನ್ನಷ್ಟು.

ಈಗ ಇದರ ಎದುರಿಗೆ ಮೋಟಾರು ಇಡಿ. ಮೀನು ಹಿಡಿಯುವ ದೋಣಿಗಳಿಗೆಂದು ಮಾಡಿದ, 12 ವೋಲ್ಟಿನ ಟ್ರೋಲಿಂಗ್ ಮೋಟಾರುಗಳ ಮೇಲೆ '55 ಪೌಂಡ್' ಅಂತ ಬರೆದಿರುತ್ತದೆ. ಮಿನ್ ಕೋಟಾ ಮತ್ತು ಅದರ ಅನುಕರಣೆಗಳು ಈ ಜಾತಿಯವು. 55 ಪೌಂಡ್ ಅಂದರೆ 25 ಕಿಲೋ ತಳ್ಳು, ಅದೂ ದೋಣಿಯನ್ನು ಕಟ್ಟಿ ನಿಲ್ಲಿಸಿ ಅಳೆದದ್ದು. ವೇಗ ಏರಿದ ಹಾಗೆ ಆ ತಳ್ಳು ಇಳಿಯುತ್ತದೆ. ಜೋರು ಗಾಳಿಗೆ ಅರ್ಧ ಹೋದರೆ ಉಳಿದದ್ದರಲ್ಲಿ ದೋಣಿ ತೆವಳುತ್ತದೆ. ಒಂದು ಕಿಲೋವ್ಯಾಟಿನ ಮೋಟಾರು ಇದಕ್ಕಿಂತ ಗಟ್ಟಿ, ದೊಡ್ಡ ಪ್ರೊಪೆಲ್ಲರನ್ನು ನಿಧಾನಕ್ಕೆ ತಿರುಗಿಸುವುದರಿಂದ ಎದುರು ಗಾಳಿಯಲ್ಲೂ ಮುಂದೆ ಹೋಗುತ್ತದೆ. ಆದರೆ ಅಲ್ಲಿ 'ಕಾಲು ಭಾಗಕ್ಕೆ ಇಳಿಸುವ' ಜಾಣತನ ನಡೆಯುವುದಿಲ್ಲ. ಪೂರ್ತಿ ಕೊಡಬೇಕು, ಒಂದೂಕಾಲು ಗಂಟೆ ಸಿಗುತ್ತದೆ, ಕ್ರಮಿಸುವುದು ಐದಾರು ಕಿಲೋಮೀಟರು. ಅದರಲ್ಲೂ ಮೂವತ್ತು ಪರ್ಸೆಂಟನ್ನು ಮುಟ್ಟದೆ ಇಟ್ಟುಕೊಳ್ಳಬೇಕು ಅಂದರೆ ನಾಲ್ಕು.

ಹಾಗಾಗಿ ನನ್ನ ಗೆರೆ ಇದು. ಎದುರು ಗಾಳಿಯ ವಾಪಸು ದಾರಿ ನಾಲ್ಕು ಕಿಲೋಮೀಟರಿನ ಒಳಗಿದ್ದರೆ ಒಂದು ಕಿಲೋವ್ಯಾಟಿನ ಬ್ಯಾಟರಿ ಮೋಟಾರು, ಕಣ್ಣುಮುಚ್ಚಿ. ನಾಲ್ಕರಿಂದ ಎಂಟಾದರೆ ಎರಡನೇ ಬ್ಯಾಟರಿ ಕೊಳ್ಳುವ ದುಡ್ಡಿದೆಯೋ ನೋಡಿ. ಅದಕ್ಕೂ ಮೀರಿದರೆ, ಅಥವಾ ದಡದಲ್ಲೇ ಎರಡು ಮೂರು ದಿನ ಬಿಡಾರ ಹೂಡುವ ಅಭ್ಯಾಸವಿದ್ದರೆ, ಅಥವಾ ಒಳಗೆ ಮಲಗುವಷ್ಟು ಕೋಣೆಯಿರುವ ಇಪ್ಪತ್ತು ಅಡಿಯ ಭಾರಿ ದೋಣಿಯಾದರೆ ಪೆಟ್ರೋಲೇ ಸರಿ. ಟ್ರೋಲಿಂಗ್ ಮೋಟಾರು ಹನ್ನೆರಡು, ಹದಿಮೂರು ಅಡಿಯ ಹಗುರ ದೋಣಿಗೆ, ಕಣ್ಣಳತೆಯ ದೂರಕ್ಕೆ ಮಾತ್ರ.

ಕೆಆರ್‌ಎಸ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಗೆ ಪೆಟ್ರೋಲ್ ಇಂಜಿನ್ ತನ್ನ ಶಕ್ತಿಯಲ್ಲಿ ನೂರಕ್ಕೆ ಏಳರಷ್ಟನ್ನು ಕಳೆದುಕೊಂಡಿರುತ್ತದೆ. ಬ್ಯಾಟರಿಗೆ ಇದರ ಪರಿವೆಯಿಲ್ಲ. ತೀರ್ಮಾನ ಬದಲಿಸುವಷ್ಟು ದೊಡ್ಡ ವಿಷಯವೇನಲ್ಲ, ಮಂಗಳೂರಿನಲ್ಲಿ ಪರೀಕ್ಷಿಸಿ ತಂದವರು 'ಇಲ್ಲಿ ಯಾಕೋ ಮಂಕು' ಅಂದರೆ ಗಾಬರಿಯಾಗಬಾರದು ಅಷ್ಟೆ.

ಹೊರುವ ದೂರ

ಪತ್ರಿಕೆಯಲ್ಲಿ ದಿನಾ ಬರುವ ಕೆಆರ್‌ಎಸ್ ಮಟ್ಟವನ್ನು ರೈತರಷ್ಟೇ ದೋಣಿಯವರೂ ಓದಬೇಕು. ಪೂರ್ಣ ಮಟ್ಟ 124.80 ಅಡಿ. ಬೇಸಿಗೆ ಕೊನೆಗೆ 90 ಅಡಿಗೂ ಕೆಳಗೆ ಇಳಿದ ವರ್ಷಗಳಿವೆ. ಹಿನ್ನೀರಿನ ದಂಡೆ ಇಳಿಜಾರು ಕಡಿಮೆಯ ಹೊಲಗಳಂಥದ್ದು. ಮಟ್ಟ ಒಂದಡಿ ಇಳಿದರೆ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಅಕ್ಟೋಬರ್‌ನಲ್ಲಿ ಕಾರು ನಿಲ್ಲಿಸಿದ ಜಾಗದಿಂದ ಹತ್ತು ಹೆಜ್ಜೆಗೆ ಸಿಕ್ಕ ನೀರು ಮೇ ತಿಂಗಳಲ್ಲಿ ಬಿರುಕುಬಿಟ್ಟ ಕೆಸರಿನ ಆಚೆ ಎಲ್ಲೋ ಹೊಳೆಯುತ್ತಿರುತ್ತದೆ.

ಮೊಣಕಾಲವರೆಗೆ ಹೂತುಹೋಗುವ ಮಣ್ಣಿನಲ್ಲಿ ಹತ್ತೊಂಬತ್ತು ಕಿಲೋದ ಒಂದೇ ಗಂಟು ಬೇರೆ, ಎಂಟು ಮತ್ತು ಹನ್ನೊಂದು ಕಿಲೋದ ಎರಡು ತುಂಡು ಬೇರೆ. ಟಾರ್ಕೀಡೊ, ಇ-ಪ್ರೊಪಲ್ಷನ್ ತರಹದವು ಬ್ಯಾಟರಿ ಕಳಚಿ ಎರಡು ಕೈಗೆ ಎರಡಾಗುತ್ತವೆ. ಹೋಂಡಾ, ಸುಜುಕಿಯ ಸಣ್ಣವು ಹದಿಮೂರು ಹದಿನಾಲ್ಕು ಕಿಲೋ, ಅಷ್ಟೇನು ಭಾರವಲ್ಲ. ಆದರೆ ಹೊರುವಾಗ, ಕಾರಿನಲ್ಲಿ ಮಲಗಿಸುವಾಗ ಗೊತ್ತುಮಾಡಿದ ಮಗ್ಗುಲಿಗೇ ಮಲಗಿಸಬೇಕು. ತಪ್ಪು ಮಗ್ಗುಲಾದರೆ ಇಂಜಿನ್ ಆಯಿಲ್ ಸಿಲಿಂಡರ್‌ಗೆ ಇಳಿದು ಮುಂದಿನ ಸಲ ಹಗ್ಗ ಎಳೆದರೂ ಹೊಗೆಯ ಹೊರತು ಏನೂ ಬಾರದು. ಯಾವ ಮಗ್ಗುಲು ಎಂಬ ಚಿತ್ರ ಇಂಜಿನ್ ಮೇಲೆಯೋ ಪುಸ್ತಕದಲ್ಲೋ ಇರುತ್ತದೆ. ಹಿಂದಿನ ಸೀಟಿನ ಮೇಲೆ ಪೆಟ್ರೋಲ್ ವಾಸನೆ ಬಿಟ್ಟುಹೋಗುವ ಬಗ್ಗೆ ಮನೆಯವರು ಏನನ್ನುತ್ತಾರೋ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೊತ್ತು ತಂದದ್ದು ಕೂರುವುದು ದೋಣಿಯ ಹಿಂಪಲಗೆಯ ಮೇಲೆ. ಅಲ್ಲೇ ಚುಕ್ಕಾಣಿ ಹಿಡಿದವನೂ ಕೂತಿರುತ್ತಾನೆ. ಸಣ್ಣ ದೋಣಿಯಲ್ಲಿ ಹಿಂದೆ ಇಪ್ಪತ್ತು ಕಿಲೋ ಸೇರಿದರೆ ಮೂಗು ಮೇಲೇಳುತ್ತದೆ, ಹಾಯಿಯಲ್ಲಿ ಓಡುವಾಗ ಹಿಂಪಲಗೆ ನೀರನ್ನು ಎಳೆಯುತ್ತದೆ. ಟ್ರೋಲಿಂಗ್ ಮೋಟಾರಿನ ಒಂದು ಒಳ್ಳೆಯ ಗುಣ ಇಲ್ಲಿದೆ: ಬ್ಯಾಟರಿಯನ್ನು ಕಂಬದ ಬುಡದಲ್ಲಿ ಕಟ್ಟಿ ತೂಕ ಸರಿದೂಗಿಸಬಹುದು.

ಕೋಲಿನ ಉದ್ದ, ಕೂರಿಸುವ ಜಾಗ

ಔಟ್‌ಬೋರ್ಡ್‌ಗಳು, ಅಂದರೆ ಹಿಂಪಲಗೆಗೆ ಕಚ್ಚಿಸಿ ಕೂರಿಸುವ ಇಂಥ ಮೋಟಾರುಗಳು, ಸಾಮಾನ್ಯವಾಗಿ 15, 20, 25 ಇಂಚಿನ ಶಾಫ್ಟ್‌ನಲ್ಲಿ ಬರುತ್ತವೆ. ಟೇಪು ಹಿಡಿದು, ಮೋಟಾರು ಕಚ್ಚಿಕೊಳ್ಳುವ ಅಂಚಿನಿಂದ ದೋಣಿಯ ತಳದವರೆಗೆ ಅಳೆಯಿರಿ. ಪ್ರೊಪೆಲ್ಲರಿನ ಮೇಲಿನ ಚಪ್ಪಟೆ ತಗಡು ತಳಕ್ಕಿಂತ ಕೆಳಗೇ ಇರಬೇಕು. ಹಾಯಿದೋಣಿಗೆ ಎರಡು ಮೂರು ಇಂಚು ಹೆಚ್ಚೇ ಇರಲಿ. ಅಲೆಗೆ ದೋಣಿಯ ಹಿಂಭಾಗ ಎದ್ದಾಗ ಪ್ರೊಪೆಲ್ಲರ್ ಗಾಳಿ ಕುಡಿದು ಕಿರುಚಿಕೊಳ್ಳುವುದು ಸಣ್ಣ ಶಾಫ್ಟಿನ ಲಕ್ಷಣ. ಅನುಮಾನವಿದ್ದರೆ ಉದ್ದದ್ದನ್ನೇ ತೆಗೆದುಕೊಳ್ಳಿ.

ನಡುವೆ ಚುಕ್ಕಾಣಿ ಇರುವುದರಿಂದ ಮೋಟಾರು ಒಂದು ಪಕ್ಕಕ್ಕೆ ಸರಿಯುತ್ತದೆ. ಪೂರ್ತಿ ತಿರುಗಿಸಿ ನೋಡಿ, ಪ್ರೊಪೆಲ್ಲರ್ ಚುಕ್ಕಾಣಿಗೆ ತಾಗಬಾರದು. ದೊಡ್ಡ ಹಾಯಿಯ ಹಗ್ಗ ಮೋಟಾರಿನ ತಲೆಗೆ ಸಿಕ್ಕಿಕೊಳ್ಳುವುದು ಎಲ್ಲರಿಗೂ ಒಮ್ಮೆಯಾದರೂ ಎದುರಾಗುವ ತಾಪತ್ರಯ. ಮೋಟಾರಿನ ಕುತ್ತಿಗೆಯಿಂದ ದೋಣಿಗೊಂದು ಗಟ್ಟಿ ಹಗ್ಗ ಕಟ್ಟಿಡಿ. ತಿರುಪು ಸಡಿಲವಾಗಿ ನೀರಿಗೆ ಬಿದ್ದರೆ ಹಿನ್ನೀರಿನ ಹೂಳಿನಲ್ಲಿ ಹುಡುಕಲು ಯಾರೂ ಇಳಿಯುವುದಿಲ್ಲ.

ಬ್ಯಾಟರಿ ಅಂತ ತೀರ್ಮಾನಿಸಿದರೆ

ಜೋಡಿಸಿಯೇ ಬರುವ ಒಂದು ಕಿಲೋವ್ಯಾಟಿನ ಸೆಟ್ಟಿಗೆ ಹೆಚ್ಚು ಹೇಳುವುದಿಲ್ಲ. ಪರದೆಯ ಮೇಲೆ ಎಷ್ಟು ವ್ಯಾಟ್ ಹೋಗುತ್ತಿದೆ, ಎಷ್ಟು ಉಳಿದಿದೆ ಕಾಣುತ್ತದೆ. ಅದನ್ನು ನೋಡುತ್ತಾ ಓಡಿಸುವುದನ್ನು ಕಲಿತರೆ ಆಯಿತು. ವಿವರ ಬೇಕಾಗುವುದು ಟ್ರೋಲಿಂಗ್ ಮೋಟಾರನ್ನು ತಾವೇ ಜೋಡಿಸಿಕೊಳ್ಳುವವರಿಗೆ.

ಮನೆಯಲ್ಲಿ ಇನ್ವರ್ಟರ್‌ನ ಹಳೇ ಟ್ಯೂಬುಲರ್ ಬ್ಯಾಟರಿ ಬಿದ್ದಿದೆ, ಅದನ್ನೇ ಹಾಕೋಣ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಅದು ಐವತ್ತು ಕಿಲೋ ದಾಟುತ್ತದೆ, ದೋಣಿ ವಾಲಿದರೆ ಆಸಿಡ್ ಚೆಲ್ಲುತ್ತದೆ, ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕುಗ್ಗುತ್ತದೆ. 12 ವೋಲ್ಟು, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕಿಲೋ ಆಸುಪಾಸಿನದು, ಒಂದೂಕಾಲು ಯೂನಿಟ್ಟನ್ನು ಹೆಚ್ಚುಕಡಿಮೆ ಪೂರ್ತಿ ಕೊಡುತ್ತದೆ. ಕೊಳ್ಳುವಾಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು) ಎಷ್ಟು ಆಂಪಿಯರ್ ತಡೆಯುತ್ತದೆ ಎಂದು ಕೇಳಿ, 100 ಇರಲಿ. ಮೋಟಾರು ಪೂರ್ತಿ ತಿರುಗುವಾಗ 50 ಆಂಪಿಯರ್ ಎಳೆಯುತ್ತದೆ. 50ರ ಬಿಎಂಎಸ್ ಆದರೆ ಬೇಕಾದ ಹೊತ್ತಿಗೇ ಕಟ್ ಆಗುತ್ತದೆ.

ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ಬ್ಯಾಟರಿ ಮುಂದೆ, ಮೋಟಾರು ಹಿಂದೆ, ನಡುವೆ ಮೂರು ಮೀಟರ್. ಹೋಗಿ ಬಂದು ಆರು. ಮನೆಯ ಎಸಿಗೆ ಎಳೆಯುವ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ 50 ಆಂಪಿಯರ್‌ಗೆ 1.3 ವೋಲ್ಟು ದಾರಿಯಲ್ಲೇ ಸೋರುತ್ತದೆ. ಹನ್ನೆರಡರಲ್ಲಿ ಅದು ಹತ್ತಕ್ಕೊಂದು ಪಾಲಿಗಿಂತ ಹೆಚ್ಚು, ಅಷ್ಟೂ ಶಕ್ತಿ ತಂತಿಯನ್ನು ಕಾಯಿಸುತ್ತದೆ. 16 ಚದರ ಮಿಲಿಮೀಟರಿನದಾದರೆ ನಷ್ಟ 0.3 ವೋಲ್ಟು. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 60 ಆಂಪಿಯರ್‌ನ ಡಿಸಿ ಎಂಸಿಬಿ ಕೂರಿಸಿ. ಸೋಲಾರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮನೆಯ ಮೀಟರ್ ಬೋರ್ಡಿನ ಎಸಿ ಎಂಸಿಬಿ ಡಿಸಿ ಕಿಡಿಯನ್ನು ಕತ್ತರಿಸಲೆಂದು ಮಾಡಿದ್ದಲ್ಲ.

ವೋಲ್ಟ್‌ಮೀಟರ್ ನೋಡಿ ಬ್ಯಾಟರಿ ಎಷ್ಟಿದೆ ಅಂತ ಊಹಿಸುವ ಹಳೇ ಅಭ್ಯಾಸ ಲಿಥಿಯಂಗೆ ನಡೆಯುವುದಿಲ್ಲ. ಅದು ತೊಂಬತ್ತರಿಂದ ಇಪ್ಪತ್ತು ಪರ್ಸೆಂಟಿನವರೆಗೆ ಹೆಚ್ಚುಕಡಿಮೆ ಒಂದೇ ವೋಲ್ಟು ತೋರಿಸಿ ಆಮೇಲೆ ಧಡಕ್ಕನೆ ಬೀಳುತ್ತದೆ. ಹೋದ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಒಂದನ್ನು ಹಾಕಿಸಿ.

ವಾರಕ್ಕೊಮ್ಮೆ ನೀರಿಗಿಳಿಯುವವರಿಗೆ ಚಾರ್ಜಿಂಗ್ ತಲೆನೋವೇ ಅಲ್ಲ. ನಮ್ಮ ಬಿಸಿಲಿಗೆ 100 ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ದಿನಕ್ಕೆ 400 ವ್ಯಾಟ್-ಅವರ್ ಆಸುಪಾಸು ಕೊಡುತ್ತದೆ. ಭಾನುವಾರ ಬರಿದಾದ ಬ್ಯಾಟರಿ ಗುರುವಾರದ ಹೊತ್ತಿಗೆ ತುಂಬಿರುತ್ತದೆ. ಕರೆಂಟಿನಲ್ಲಾದರೆ ನಷ್ಟ ಸೇರಿ ಒಂದೂವರೆ ಯೂನಿಟ್ಟು; ಗೃಹಜ್ಯೋತಿಯ ಲೆಕ್ಕದಲ್ಲಿ ಅದೂ ಮುಳುಗಿಹೋಗುತ್ತದೆ. ಬಾಗಿಲು ಮುಚ್ಚಿದ ಕಾರಿನೊಳಗೆ, ಏಪ್ರಿಲ್ ಬಿಸಿಲಿನಲ್ಲಿ ಬ್ಯಾಟರಿ ಬಿಟ್ಟು ಊಟಕ್ಕೆ ಹೋಗಬೇಡಿ.

ಪೆಟ್ರೋಲ್ ಅಂತ ತೀರ್ಮಾನಿಸಿದರೆ

ಇಲ್ಲಿ ಮೊದಲ ಎಚ್ಚರಿಕೆ ಕರಾವಳಿಯ ಸೆಕೆಂಡ್‌ಹ್ಯಾಂಡ್ ಬಗ್ಗೆ. ಮಲ್ಪೆ, ಮಂಗಳೂರು ಕಡೆ ನಾಡದೋಣಿಗಳಿಂದ ಬಿಚ್ಚಿದ ಇಂಜಿನ್‌ಗಳು ಅಗ್ಗಕ್ಕೆ ಸಿಗುತ್ತವೆ ಅಂತ ಯಾರಾದರೂ ಹೇಳುತ್ತಾರೆ. ಅವು ಎಂಟು ಹತ್ತು ಎಚ್‌ಪಿಯ ಟೂಸ್ಟ್ರೋಕ್‌ಗಳು, ಎಷ್ಟೋ ಸೀಮೆಎಣ್ಣೆಯಲ್ಲಿ ಓಡಿದವು, ಉಪ್ಪುನೀರು ಕುಡಿದವು. ಸಮುದ್ರದ ಕೆಲಸಕ್ಕೆ ಗಟ್ಟಿಮುಟ್ಟು, ನಮ್ಮ ಹದಿನಾರು ಅಡಿಯ ಹಿಂಪಲಗೆಗೆ ಹೊರೆ. ಹಳೇ ಕಾರ್ಬುರೇಟರ್ ಟೂಸ್ಟ್ರೋಕ್‌ನಲ್ಲಿ ಇಂಧನದ ಕಾಲು ಭಾಗದಷ್ಟು ಉರಿಯದೆಯೇ ಹೊಗೆಯ ಜೊತೆ ನೀರಿಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದನ್ನು ಓಡಿಸುವ ಪ್ರಶ್ನೆಯೇ ಬರಬಾರದು. ಫೋರ್‌ಸ್ಟ್ರೋಕ್ ಮಾತ್ರ.

ಎರಡನೆಯದು ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲು. ಔಟ್‌ಬೋರ್ಡ್ ಮಾಡುವ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಹತ್ತು ಪರ್ಸೆಂಟಿನವರೆಗೆ ಮಾತ್ರ ಒಪ್ಪುತ್ತವೆ. ಈಗ ಬಂಕಿನಲ್ಲಿ ಸಿಗುವುದು ಅದರ ಎರಡರಷ್ಟು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಮತ್ತು ಎಥೆನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಕಾರ್ಬುರೇಟರಿನ ಕೂದಲೆಳೆಯಂಥ ಜೆಟ್ ಕಟ್ಟಿಕೊಳ್ಳುತ್ತದೆ. ಬೈಕಿನಲ್ಲಿ ದಿನಾ ಪೆಟ್ರೋಲ್ ಹರಿಯುವುದರಿಂದ ತೊಂದರೆ ಕಾಣುವುದಿಲ್ಲ, ತಿಂಗಳಿಗೆರಡು ಸಲ ಓಡುವ ಇಂಜಿನ್‌ಗೆ ಇದೇ ದೊಡ್ಡ ಕಾಯಿಲೆ. ಕೊಳ್ಳುವಾಗ ಪುಸ್ತಕ ತೆರೆದು ಎಷ್ಟು ಎಥೆನಾಲ್ ತಡೆಯುತ್ತದೆ ನೋಡಿ. ಪ್ರತಿ ಸಲ ದಡಕ್ಕೆ ಬಂದಾಗ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನ ಕೆಳಗಿನ ತಿರುಪು ಬಿಚ್ಚಿ ಉಳಿದದ್ದನ್ನು ಬಟ್ಟಲಿಗೆ ಇಳಿಸಿ. ಟ್ಯಾಂಕಿನಲ್ಲಿ ಮಿಕ್ಕದ್ದನ್ನು ಬೈಕಿಗೆ ಸುರಿಯಿರಿ. ಮುಂದಿನ ಸಲ ಹೊಸ ಪೆಟ್ರೋಲು.

ಪ್ಲಾಸ್ಟಿಕ್ ಬಾಟಲಿಗೆ ಬಂಕಿನವರು ಹಾಕುವುದಿಲ್ಲ, ಹಾಕಲೂಬಾರದು. ಮುಚ್ಚಳ ಬಿಗಿಯಾದ ಲೋಹದ ಕ್ಯಾನ್ ಇರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ಟ್ಯಾಂಕ್ ತುಂಬುವುದು ದಡದಲ್ಲಿ, ಇಂಜಿನ್ ಆರಿದ ಮೇಲೆ.

ರಿಪೇರಿಯ ವಿಷಯದಲ್ಲಿ ಪೆಟ್ರೋಲಿಗೆ ಒಂದು ಅನುಕೂಲ. ಕಾರ್ಬುರೇಟರ್, ಪ್ಲಗ್ಗು, ಎಳೆಯುವ ಹಗ್ಗ ಇವನ್ನು ಶ್ರೀರಂಗಪಟ್ಟಣದ ಯಾವ ಬೈಕ್ ಮೆಕ್ಯಾನಿಕ್ ಆದರೂ ಬಿಚ್ಚಿ ಕಟ್ಟಬಲ್ಲ. ಬ್ಯಾಟರಿ ಮೋಟಾರಿನ ಸರ್ಕ್ಯೂಟ್ ಬೋರ್ಡ್ ಹೋದರೆ ಪಾರ್ಸೆಲ್ ಕಟ್ಟಿ ಕಳಿಸಿ ಕಾಯಬೇಕು. ಹೊಸ ಇಂಜಿನ್‌ನ ಮೊದಲ ಆಯಿಲ್ ಬದಲಾವಣೆ ಇಪ್ಪತ್ತು ಗಂಟೆಗೆ, ಆಮೇಲೆ ನೂರು ಗಂಟೆಗೋ ವರ್ಷಕ್ಕೋ ಒಮ್ಮೆ. ಗೇರ್ ಆಯಿಲ್ ಮರೆಯಬೇಡಿ. ಉಪ್ಪಿನ ಕಾಟ ನಮಗಿಲ್ಲ, ಹೂಳಿನ ಕಾಟ ಇದೆ. ನೀರಿನಿಂದ ತಂಪಾಗುವ ಇಂಜಿನ್‌ಗಳಲ್ಲಿ ಪಕ್ಕದಿಂದ ಸಣ್ಣ ಧಾರೆ ಚಿಮ್ಮುತ್ತಿರಬೇಕು. ನಿಂತರೆ ತಕ್ಷಣ ಆಫ್ ಮಾಡಿ. ಹೋಂಡಾದ ಸಣ್ಣ ಇಂಜಿನ್ ಗಾಳಿಯಿಂದಲೇ ತಂಪಾಗುತ್ತದೆ, ಈ ಗೋಳಿಲ್ಲ. ಬದಲಿಗೆ ಅದರ ಸದ್ದು ಕೇಳಬೇಕು.

ಬಲೆ, ಬಂಡೆ

ಹಿನ್ನೀರಿನ ತುಂಬ ಮೀನುಗಾರರ ಬಲೆಗಳಿರುತ್ತವೆ. ತೇಲುವ ಥರ್ಮಾಕೋಲ್ ತುಂಡೋ ಖಾಲಿ ನೀರಿನ ಬಾಟಲಿಯೋ ಕಂಡರೆ ಅದು ಕಸವಲ್ಲ, ಬಲೆಯ ಗುರುತು. ಹರಿಗೋಲಿನಲ್ಲಿ ಬಂದವರು ಕೂಗಿ ಹೇಳುತ್ತಾರೆ: "ಅಣ್ಣೋ, ಬಲೆ ಬಿಟ್ಟಿವ್ನಿ ಕಣಣ್ಣ, ಆ ಕಡೆಯಿಂದ ಬಳಸ್ಕೊಂಡೋಗಿ!" ಬಳಸಿಕೊಂಡೇ ಹೋಗಿ, ಅದು ಅವರ ಅನ್ನ. ನೈಲಾನ್ ಎಳೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಬ್ಯಾಟರಿ ಮೋಟಾರು ಭಾರ ಜಾಸ್ತಿಯಾಯಿತೆಂದು ತಾನೇ ನಿಲ್ಲುತ್ತದೆ. ಪೆಟ್ರೋಲಿನದ್ದು ಇನ್ನೆರಡು ಸುತ್ತು ಬಿಗಿದುಕೊಂಡು ಉಸಿರು ಬಿಡುತ್ತದೆ. ಎರಡಕ್ಕೂ ಮದ್ದು ಒಂದೇ. ಮೊದಲು ಸುರಕ್ಷತಾ ಕೀಲಿ ಕಿತ್ತು ಕೈಯಲ್ಲಿ ಇಟ್ಟುಕೊಳ್ಳುವುದು, ಮೋಟಾರು ಎತ್ತುವುದು, ಆಮೇಲೆ ಬಿಡಿಸುವುದು. ಬ್ಯಾಟರಿ ಮೋಟಾರು ಸದ್ದಿಲ್ಲದೆ ಸಿದ್ಧವಾಗಿ ಕೂತಿರುತ್ತದೆ, ಹ್ಯಾಂಡಲ್ ತಾಗಿದರೆ ತಿರುಗಿಯೇಬಿಡುತ್ತದೆ. ಬೆರಳು ಹಾಕುವ ಮುಂಚೆ ಕೀಲಿ ಕಿತ್ತಿದ್ದೀರಾ ಎಂದು ಎರಡು ಸಲ ನೋಡಿ.

ನೀರು ಇಳಿದ ಕಾಲಕ್ಕೆ ಹಳೇ ಊರುಗಳ ಕಲ್ಲು, ಮರದ ಬೊಡ್ಡೆ ನೀರಿನ ಮಟ್ಟದ ಅಂಗೈಯಷ್ಟು ಕೆಳಗೆ ಕೂತಿರುತ್ತವೆ. ಎಷ್ಟೋ ಸಣ್ಣ ಪೆಟ್ರೋಲ್ ಇಂಜಿನ್‌ಗಳ ಪ್ರೊಪೆಲ್ಲರನ್ನು ಶಿಯರ್ ಪಿನ್ ಎಂಬ ಸಣ್ಣ ಮೆತ್ತನೆ ಕಡ್ಡಿ ಹಿಡಿದಿರುತ್ತದೆ. ಕಲ್ಲಿಗೆ ಹೊಡೆದರೆ ಅದು ಮುರಿದು ಗೇರನ್ನು ಉಳಿಸುತ್ತದೆ. ಎರಡು ಪಿನ್ನು, ಒಂದು ಇಕ್ಕುಳ ಸದಾ ಚೀಲದಲ್ಲಿರಲಿ. ಪಿನ್ನಿಲ್ಲವೆಂದು ಮೊಳೆ ತುಂಡು ಮಾಡಿ ಹಾಕಿದರೆ ಮುಂದಿನ ಕಲ್ಲಿಗೆ ಗೇರೇ ಹೋಗುತ್ತದೆ.

ದುಡ್ಡಿನ ಮಾತು

ಒಂದು ಕಿಲೋವ್ಯಾಟಿನ ಆಮದು ಬ್ಯಾಟರಿ ಮೋಟಾರು ಒಂದೂವರೆ ಲಕ್ಷದ ಮೇಲೆಯೇ ಬೀಳುತ್ತದೆ. ಎರಡೂವರೆ ಎಚ್‌ಪಿಯ ಪೆಟ್ರೋಲಿನದ್ದು ಅದಕ್ಕಿಂತ ಸಾಕಷ್ಟು ಕಡಿಮೆ. 'ಕರೆಂಟು ಅಗ್ಗ, ವರ್ಷದಲ್ಲಿ ಉಳಿತಾಯವಾಗುತ್ತದೆ' ಎಂಬ ಮಾರಾಟದ ಮಾತನ್ನು ನಂಬಬೇಡಿ. ವರ್ಷಕ್ಕೆ ಐವತ್ತು ಸಲ ಹೋಗಿ, ಪ್ರತಿ ಸಲ ಒಂದು ಲೀಟರ್ ಉರಿಸಿದರೂ ಐದು ಸಾವಿರದ ಸುತ್ತಮುತ್ತಲಿನ ಪೆಟ್ರೋಲು. ಅಷ್ಟರಲ್ಲಿ ಬೆಲೆಯ ವ್ಯತ್ಯಾಸ ತೀರಲು ಎಷ್ಟೋ ವರ್ಷ ಬೇಕು. ಬ್ಯಾಟರಿಯದ್ದನ್ನು ಕೊಳ್ಳುವುದಾದರೆ ಸದ್ದು, ಹೊಗೆ, ಕಾರ್ಬುರೇಟರಿನ ರಗಳೆ ಇಲ್ಲದ್ದಕ್ಕೆ ಕೊಳ್ಳಿ. ದಂಡೆಯ ಹಕ್ಕಿಗಳು ಹಾರಿಹೋಗದಂತೆ ಪಕ್ಕದಲ್ಲೇ ತೇಲಿ ಹೋಗುವುದಕ್ಕೆ ಕೊಡುವ ದುಡ್ಡು ಅದು, ನನಗಂತೂ ಸಲ್ಲುತ್ತದೆ.

ಕೊಳ್ಳುವ ಮೊದಲಿನ ಪರೀಕ್ಷೆ

ಮಾರುವವರನ್ನೋ ಗೆಳೆಯರನ್ನೋ ಕೇಳಿ, ಅದೇ ಮಾದರಿಯ ಮೋಟಾರನ್ನು ಒಂದು ದಿನದ ಮಟ್ಟಿಗೆ ನಿಮ್ಮ ದೋಣಿಗೆ ಕಟ್ಟಿಸಿ. ಜನ, ನೀರು, ಊಟದ ಡಬ್ಬಿ, ಲಂಗರು ಎಲ್ಲ ತುಂಬಿ. ಹಾಯಿ ಇಳಿಸಿ. ಫೋನಿನಲ್ಲಿ ಜಿಪಿಎಸ್ ವೇಗ ತೋರಿಸುವ ಆ್ಯಪ್ ತೆರೆದು, ಮೊದಲು ಗಾಳಿಯ ಜೊತೆ, ಆಮೇಲೆ ಗಾಳಿಗೆ ಎದುರಾಗಿ, ಅರ್ಧ ಮತ್ತು ಪೂರ್ತಿ ಎರಡರಲ್ಲೂ ಹತ್ತು ಹತ್ತು ನಿಮಿಷ ಓಡಿಸಿ ಬರೆದುಕೊಳ್ಳಿ. ಬ್ಯಾಟರಿಯದ್ದಾದರೆ ವ್ಯಾಟ್ ಎಷ್ಟು, ಪೆಟ್ರೋಲಿನದ್ದಾದರೆ ಟ್ಯಾಂಕ್ ಎಷ್ಟು ಇಳಿಯಿತು ಎಂಬುದನ್ನೂ. ಲೆಕ್ಕಕ್ಕೆ ಬರುವುದು ಎದುರು ಗಾಳಿಯ ಅಂಕಿ. ಆ ವೇಗದಲ್ಲಿ ಪೂರ್ತಿ ಬ್ಯಾಟರಿಗೋ ಟ್ಯಾಂಕಿಗೋ ಎಷ್ಟು ದೂರ ಹೋಗಬಹುದೆಂದು ಲೆಕ್ಕ ಹಾಕಿ, ಅದನ್ನು 0.7ರಿಂದ ಗುಣಿಸಿ, ನೀವು ಮ್ಯಾಪಿನಲ್ಲಿ ಎಳೆದ ಗೆರೆಯ ಪಕ್ಕ ಇಟ್ಟು ನೋಡಿ.

ಪರೀಕ್ಷೆ ಮುಗಿದ ಮೇಲೆ ನಡುನೀರಿನಲ್ಲಿ ಮೋಟಾರು ಆಫ್ ಮಾಡಿ, ದಡದವರೆಗೆ ಹುಟ್ಟು ಹಾಕಿಕೊಂಡು ಬನ್ನಿ. ಎಷ್ಟು ಹೊತ್ತು ಹಿಡಿಯಿತು ಅದನ್ನೂ ಬರೆದುಕೊಳ್ಳಿ. ಯಾವ ಮೋಟಾರು ಕೊಂಡರೂ ಆ ಹುಟ್ಟುಗಳು ದೋಣಿಯಲ್ಲೇ ಇರಬೇಕು, ಲೈಫ್ ಜಾಕೆಟ್ ಎಲ್ಲರ ಮೈಮೇಲೆ.